ಆಯುಧಪೂಜೆಗೆ ನಿಜವಾದ ಆಯುಧ

ವಿನಾಶಕಾಲೇ ವಿಪರೀತಬುದ್ಧಿ ಅನ್ನುತ್ತಾರಲ್ಲ, ಜಗನ್ನಾಥನಿಗೆ ಆ ಬುದ್ಧಿ ಬಂದದ್ದು ಎಂಬತ್ತೈದನೇ ಇಸವಿಯ ಮಹಾನವಮಿಯ ಬೆಳಿಗ್ಗೆ. ಕ್ಯಾಲಿಫೋರ್ನಿಯಾದ ಬೆರ್ರಿಯೆಸಾ ಬಡಾವಣೆಯ ಮನೆಯೆದುರು ಪ್ರತಿವರ್ಷ ಕಾರು ತೊಳೆದು, ಸ್ಕ್ರೂಡ್ರೈವರಿಗೂ ಈಳಿಗೆಮಣೆಗೂ ಕುಂಕುಮವಿಟ್ಟು ಹಬ್ಬ ಮುಗಿಸುತ್ತಿದ್ದ ಈ ಮೈಸೂರಿನ ಎಂಜಿನಿಯರಿಗೆ ಈ ಸಲ ಅಷ್ಟು ಸಾಲದೆನಿಸಿತು.

"ಆಯುಧಪೂಜೆ ದಿನ ಮನೇಲಿರೋ ನಿಜವಾದ ಆಯುಧಾನೇ ಬಿಟ್ರೆ ಹೇಗೆ, ಶೈಲೂ?" ಎಂದು ಮಂಚದ ಪಕ್ಕದ ಡ್ರಾಯರಿನಿಂದ ರಿವಾಲ್ವರು ತೆಗೆದ.

"ರೀ, ಅದೊಂದು ಬೇಡ. ಮಂಗಳವಾರ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇದೆ, ಸುಮ್ನಿರಿ" ಎಂದಳು ಹೆಂಡತಿ ಶೈಲಜಾ. ಕೇಳುವ ಆಸಾಮಿಯೇ ಅವನು?

ರಿವಾಲ್ವರು ಬಂದದ್ದು ಎಂಟು ತಿಂಗಳ ಹಿಂದೆ, ಪಕ್ಕದ ಬೀದಿಯಲ್ಲಿ ಕಳ್ಳತನವಾದಾಗ. ಅವನು ಕೆಲಸ ಮಾಡುತ್ತಿದ್ದ ಮಿಲ್ಪಿಟಾಸಿನ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕ್ಯಾಲಿಫೋರ್ನಿಯಾಕ್ಕೆ ಹೊಸ ಕಾನೂನು ಬಂದಿದೆ, ಮನೆಗೆ ನುಗ್ಗಿದವನಿಗೆ ಗುಂಡು ಹೊಡೆದರೆ ಪ್ರಾಣಭಯದಿಂದಲೇ ಹೊಡೆದದ್ದು ಎಂದು ಕೋರ್ಟು ಮೊದಲೇ ಒಪ್ಪಿಕೊಳ್ಳುತ್ತದೆ. ಕೇಳಿದ್ದೇ ತಡ, ಜಗನ್ನಾಥನಿಗೆ ಶೌರ್ಯ ಉಕ್ಕಿತು. ಬಂದೂಕಿನ ಅಂಗಡಿಯವನು ಇನ್ನೊಂದು ಮಾತನ್ನೂ ಹೇಳಿದ್ದ: ಖಾಲಿ ಬಂದೂಕನ್ನು ಎಲ್ಲರಿಗೂ ಕಾಣುವಂತೆ ಬೀದಿಗೆ ಒಯ್ದರೆ ತಪ್ಪಿಲ್ಲ, ಗುಂಡು ತುಂಬಿದ್ದನ್ನು ಒಯ್ದರೆ ಜೈಲು. ಮಹಾಶಯ ಆರು ಗುಂಡು ತುಂಬಿ ಡ್ರಾಯರಿನಲ್ಲಿಟ್ಟವನು ಮತ್ತೆ ಅದನ್ನು ಮುಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೇ ಅದರ ಹೆದರಿಕೆ.

ಕಾರು ನಿಂತಿದ್ದದ್ದು ಬೀದಿಯಲ್ಲಿ. ಬಾನೆಟ್ಟಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಸೇವಂತಿಗೆ ಏರಿಸಿದ ರಿವಾಲ್ವರು. ಬೂದುಗುಂಬಳ ಸಿಗಲಿಲ್ಲವೆಂದು ಅಮೆರಿಕದ ಕಿತ್ತಳೆ ಬಣ್ಣದ ಕುಂಬಳವನ್ನೇ ಕೊರೆದು, ಒಳಗೆ ಕುಂಕುಮದ ನೀರು ತುಂಬಿ, ಕರ್ಪೂರ ಹಚ್ಚಿ, ಕಾರಿಗೆ ದೃಷ್ಟಿ ನಿವಾಳಿಸಿ ಚಕ್ರದ ಮುಂದೆ ಧಡಾರನೆ ಒಡೆದ. ಅರ್ಧ ರಸ್ತೆ ಕೆಂಪಾಯಿತು, ಅವನ ಬಿಳಿ ಪಂಚೆಯೂ ಕೆಂಪಾಯಿತು. ಎದುರುಮನೆಯ ಮುದುಕಿ ಪರದೆ ಸರಿಸಿ ನೋಡಿದರೆ ಬಂದೂಕು, ರಕ್ತ, ನಡುವೆ ಕೈಮುಗಿದು ನಿಂತ ಗಂಡಸು! ಪಾಪ, ಅವಳಾದರೂ ಏನು ಮಾಡಿಯಾಳು? ಪೊಲೀಸರಿಗೆ ಫೋನು ಮಾಡಿದಳು.

ಹತ್ತು ನಿಮಿಷಕ್ಕೆ ಎರಡು ಪೊಲೀಸ್ ಕಾರು ಬಂದು ನಿಂತವು. ಜಗನ್ನಾಥ ಎರಡೂ ಕೈ ಮೇಲೆತ್ತಿದ.

"ಇದರಲ್ಲಿ ಗುಂಡಿದೆಯೇ?" ಎಂದು ಹಿರಿಯ ಪೊಲೀಸಿನವನು ಇಂಗ್ಲಿಷಿನಲ್ಲಿ ಕೇಳಿದ.

ಅಂಗಡಿಯವನ ಮಾತು ನೆನಪಾದದ್ದೇ ಆಗ. ಜೈಲು ಸೇರಿದವನಿಗೆ ಎಲ್ಲಿಯ ಸಿಟಿಜನ್‌ಶಿಪ್ಪು? ಏಳು ವರ್ಷ ಕಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ! ಸುಳ್ಳಿಗೆ ನಾಲಗೆ ಹೊರಳಲಿಲ್ಲ. "ಆರು" ಎಂದ.

ಪೊಲೀಸಿನವನು ಹೂ ಸರಿಸಿ, ರಿವಾಲ್ವರು ಬಿಚ್ಚಿ, ತಿರುಗಿಸಿ ನೋಡಿದ. ಒಂದೂ ಇರಲಿಲ್ಲ. ರಸ್ತೆಯ ಕೆಂಪನ್ನು ಬೆರಳಿಂದ ಮುಟ್ಟಿ, ಅಂಟಿದ ಕುಂಬಳದ ಬೀಜ ನೋಡಿ ಗೊಳ್ಳೆಂದು ನಕ್ಕ. ಖಾಲಿ ಇದೆ, ಬಚ್ಚಿಟ್ಟೂ ಇಲ್ಲ, ಕಾನೂನಿನಲ್ಲಿ ತಪ್ಪಿಲ್ಲ, ಒಳಗೆ ತಗೊಂಡು ಹೋಗಿ ರಸ್ತೆ ತೊಳಿ ಎಂದು ಹೇಳಿ ಹೊರಟುಹೋದ.

ಬದುಕಿದೆಯಾ ಬಡಜೀವವೇ ಎಂದು ಜಗನ್ನಾಥ ಅಡಿಗೆಮನೆಗೆ ಓಡಿದ. "ಶೈಲೂ, ಗುಂಡು ಎಲ್ಲಿ ಹೋದ್ವೇ?"

"ಮೆಂತ್ಯದ ಡಬ್ಬೀಲಿವೆ. ನೀವು ತಂದ ದಿನಾನೇ ಅಂಗಡಿಗೆ ಫೋನ್ ಮಾಡಿ, ತೆಗೆಯೋದು ಹೇಗೆ ಅಂತ ಕೇಳ್ಕೊಂಡು ತೆಗೆದಿಟ್ಟೆ."

"ಅಯ್ಯೋ! ಎಂಟು ತಿಂಗಳು ಖಾಲಿ ಬಂದೂಕು ನಂಬ್ಕೊಂಡು ಮಲಗಿದ್ನಾ? ಕಳ್ಳ ಬಂದಿದ್ರೆ?"

"ಕಳ್ಳ ಬಂದಿದ್ರೆ ನಿಮ್ಮ ಹೊಸ ಕಾನೂನಿತ್ತು. ನಾನು ನೀರು ಕುಡಿಯೋಕೆ ಎದ್ದು ಕತ್ತಲಲ್ಲಿ ವಾಪಸ್ ಬರ್ತೀನಲ್ಲ, ನನಗೆ ಯಾವ ಕಾನೂನಿತ್ತು ರೀ?"

ಕತ್ತಲಲ್ಲಿ ಬರುವ ಹೆಜ್ಜೆ ಕಳ್ಳನದೋ ಹೆಂಡತಿಯದೋ ಎಂದು ನೋಡುವಷ್ಟು ಧೈರ್ಯ ಜಗನ್ನಾಥನಿಗೆಲ್ಲಿತ್ತು? ಎಲೆ ಅಲುಗಿದರೂ ಬೆಚ್ಚಿಬೀಳುವ ಪುಕ್ಕಲು ತಾನು. ಪೊಲೀಸರು ಹೋದಾಗ ಆದ ಸಮಾಧಾನ ಯಾವ ಲೆಕ್ಕ? ಇವಳು ಇಲ್ಲೇ, ಕಣ್ಣೆದುರಿಗೇ, ಸೌಟು ಹಿಡಿದು ನಿಂತಿದ್ದಾಳೆ. ಕಣ್ಣು ತುಂಬಿ, ಅವಳ ಕೈ ಹಿಡಿದುಕೊಂಡ.

"ಬಿಡಿ ರೀ, ಪಾಯಸ ತಳ ಹಿಡಿಯುತ್ತೆ" ಎಂದಳು ಶೈಲಜಾ. ಅವನು ಬಿಡಲಿಲ್ಲ.