ಠಾಣೆಗೆ ಕೊಟ್ಟ ಬಂದೂಕು

ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕನ್ನು ಠಾಣೆಗೆ ಒಪ್ಪಿಸಬೇಕೆಂಬ ಕಾನೂನು ಚಿತ್ರಲಿಂಗಪ್ಪನಿಗೆ ಹೊಸದಲ್ಲ. ರಾಮಗಿರಿ ಗುಡ್ಡದ ಬುಡದಲ್ಲಿ ತನ್ನ ಕುರಿ ರೊಪ್ಪ, ಗುಡ್ಡದ ತುಂಬಾ ಚಿರತೆ ಎಂದು ಅರ್ಜಿ ಬರೆಸಿಕೊಟ್ಟು ಪ್ರತಿ ಸಲವೂ ಪಾರಾಗುತ್ತಿದ್ದ. ಈ ಸಲ ಅರ್ಜಿ ನಡೆಯಲಿಲ್ಲ. ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಬಸ್ಸು ಹತ್ತಿದ.

“ಜನ ಹೆದರಿಕೆ ಇಲ್ದಂಗೆ ಓಟು ಹಾಕ್ಬೇಕಲ್ಲ, ಅದಕ್ಕೆ,” ಎಂದ ಠಾಣೆಯ ಪೇದೆ ರವೀಂದ್ರ, ರಸೀದಿ ಬರೆಯುತ್ತಾ.

“ನನ್ ಬಂದೂಕಿಗೆ ಯಾರ್ ಹೆದರ್ತಾರೆ ಸಾಮಿ? ಚಿರ್ತೆನೇ ಸರಿಯಾಗಿ ಹೆದರಲ್ಲ.”

ಮಾತು ಸುಳ್ಳಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಹಾರಿಸಿದ ಗುಂಡೆಲ್ಲ ಆಕಾಶಕ್ಕೆ. ಸದ್ದಿಗೆ ಚಿರತೆ ಗುಡ್ಡ ಹತ್ತಿದರೆ ಅಷ್ಟೇ ಸಾಕಿತ್ತು. ಊರವರ ಹೆದರಿಕೆ ಕಳೆಯಲು ನನ್ನ ಕುರಿ ಹೆದರಬೇಕೆ, ಇದು ಯಾವ ಸೀಮೆ ನ್ಯಾಯ ಎಂದು ದಾರಿಯುದ್ದಕ್ಕೂ ಗೊಣಗಿದ. ಎಂಟೇ ದಿನಕ್ಕೆ ಚಿರತೆ ಮುಳ್ಳುಬೇಲಿ ಹಾರಿ ಎರಡು ಮರಿ ಹೊತ್ತುಕೊಂಡು ಹೋಯಿತು. ತಗಡು ಬಡಿದರೂ ಅದು ತಿರುಗಿ ನೋಡಲಿಲ್ಲ.

ಓಟಿನ ದಿನ ಹೆಂಡತಿ ಏಕನಾಥಮ್ಮನನ್ನು ಕರೆದುಕೊಂಡು ಶಾಲೆಗೆ ಹೋಗುವಾಗ, ಯಾವ ಗುರುತಿಗೆ ಒತ್ತಬೇಕೆಂದು ಎಂದಿನಂತೆ ಹೇಳಿದ. ಅವಳೂ ಎಂದಿನಂತೆ ಹ್ಞೂ ಅಂದಳು. ಬೆರಳಿಗೆ ಮಸಿ ಹಾಕಿಸಿಕೊಂಡು ಇಬ್ಬರೂ ಹೊರಬಂದರು. ರೈಲು ಹಳಿ ದಾಟಿದ ಮೇಲೆ ಅವಳು ಬಾಯಿ ಬಿಟ್ಟಳು.

“ನೀನು ಹೇಳಿದ್ಕೆ ಹಾಕ್ಲಿಲ್ಲ ನಾನು.”

“ಯಾಕೆ, ಕೈ ತಪ್ತಾ?”

“ತಪ್ಲಿಲ್ಲ. ಬೇಕಂತಲೇ ಬೇರೇದಕ್ಕೆ ಒತ್ತಿದೆ. ಮನೇಲಿ ಬಂದೂಕಿಲ್ವಲ್ಲ, ಧೈರ್ಯ ಬಂತು.”

ಚಿತ್ರಲಿಂಗಪ್ಪ ನಿಂತೇ ಬಿಟ್ಟ. “ಲೇ, ಯಾವತ್ತಾದ್ರೂ ಅದನ್ನ ನಿನ್ ಕಡೆ ಎತ್ತಿದ್ನಾ ನಾನು?”

“ಎತ್ತಿಲ್ಲ.”

“ಸಿಟ್ಟು ಬಂದಾಗಾದ್ರೂ ಮುಟ್ಟಿದ್ನಾ?”

“ಮುಟ್ಟಿಲ್ಲ. ನೀನು ಬೈದಾಗೆಲ್ಲ ನನ್ ಕಣ್ಣು ಅದರ ಮ್ಯಾಲೇ ಹೋಗೋದು.”

ಸಾರಿಗೆ ಉಪ್ಪು ಕಮ್ಮಿಯಾಯಿತು ಎನ್ನುವಷ್ಟು ಸಲೀಸಾಗಿ ಹೇಳಿ ಅವಳು ಮುಂದೆ ನಡೆದಳು. ಅವನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ಮಂಕು ಬಡಿದವನಂತೆ ಹಿಂದೆ ನಡೆದ.

ಅಂದಿನಿಂದ ಅವನಿಗೆ ತಲೆಬುಡ ಅರ್ಥವಾಗದ ದಿನಗಳು. ರೊಪ್ಪಕ್ಕೆ ಹೋದರೆ ಬಂದೂಕು ಬೇಕೇ ಬೇಕು, ಮನೆಗೆ ಬಂದರೆ ಬೇಡವೇ ಬೇಡ. ಏಕನಾಥಮ್ಮ ಮುದ್ದೆ ಕಟ್ಟುತ್ತಾ ಏನೋ ಗುನುಗುತ್ತಿದ್ದಳು. ಇದು ಹೊಸದೋ, ಮೊದಲೂ ಗುನುಗುತ್ತಿದ್ದಳೋ, ತಾನೇ ಕಿವಿಗೆ ಹಾಕಿಕೊಂಡಿರಲಿಲ್ಲವೋ, ಅದೂ ಹೊಳೆಯಲಿಲ್ಲ. ತಡೆಯಲಾರದೆ ಒಂದು ದಿನ ಅವಳನ್ನೇ ಕೇಳಿದ.

“ವಾಪಸ್ ತರ್ಲಾ, ಬ್ಯಾಡ್ವಾ?”

“ಮರಿ ಹೋದಾಗ ನಾನೂ ಅತ್ತಿದ್ದೀನಿ. ತಗಂಬಾ ಅಂತ ಹೆಂಗ್ ಹೇಳ್ಲಿ, ಬ್ಯಾಡ ಅಂತ ಹೆಂಗ್ ಹೇಳ್ಲಿ?” ಎಂದಳು. ಅವಳಿಗಾದರೂ ಗೊತ್ತಿರಬಹುದು ಎಂಬ ಅವನ ಆಸೆಯೂ ಅಲ್ಲಿಗೆ ಮುಗಿಯಿತು.

ಫಲಿತಾಂಶ ಬಂದು ವಾರವಾದ ಮೇಲೆ ಠಾಣೆಯಿಂದ ಕರೆ ಬಂತು. ರವೀಂದ್ರ ಬಂದೂಕನ್ನು ಮೇಜಿನ ಮೇಲಿಟ್ಟು, “ಸೈ ಮಾಡ್ರಿ, ತಗಂಡು ಹೋಗ್ರಿ” ಎಂದ.

“ಇನ್ನೊಂದಿಷ್ಟು ದಿನ ಇಲ್ಲೇ ಇಟ್ಕಳ್ಳಾಕೆ ಆಗಲ್ವಾ ಸಾಮಿ?”

ಬಂದೂಕು ಬಿಡಲಾರೆ ಎಂದು ಗೋಗರೆದವನೇ ಹೀಗಂದರೆ ರವೀಂದ್ರ ಕಕ್ಕಾಬಿಕ್ಕಿಯಾಗದೆ ಇನ್ನೇನು. “ಸುಮ್ಸುಮ್ನೆ ಇಟ್ಕಳ್ಳಾಕೆ ಬರಲ್ಲ. ಕಾರಣ ಏನಂತ ಬರ್ಕಳ್ಳಿ?”

ಚಿತ್ರಲಿಂಗಪ್ಪ ಬಾಗಿಲ ಕಡೆ ನೋಡಿದ, ನೆಲ ನೋಡಿದ. “ಮನೇಲಿ ನನ್ ಹೆಂಡ್ತಿಗೆ ಭಯ ಐತೆ ಅಂತ ಬರ್ಕಳ್ರಿ.”

ರವೀಂದ್ರನ ಪೆನ್ನು ನಿಂತಿತು. ಅವನ ದನಿಯಲ್ಲಿದ್ದ ಸಲಿಗೆ ಹೋಗಿ ಪೊಲೀಸಿನ ದನಿ ಬಂತು. “ಏನ್ ಮಾಡಿದ್ರಿ ಅವ್ರಿಗೆ?”

“ಏನೂ ಮಾಡಿಲ್ಲ,” ಎಂದ ಚಿತ್ರಲಿಂಗಪ್ಪ. ಹೇಳಿದ ಮೇಲೆ ಆ ಮಾತು ನಿಜವೋ ಸುಳ್ಳೋ ಅವನಿಗೇ ಗೊತ್ತಾಗಲಿಲ್ಲ.