ಕಾರ್ಡ್ ಹಣ್ಣಾದ ಮೇಲೆ

ನಮ್ಮ ಯಜಮಾನರಿಗೆ ಹಾಡು ಕೇಳುವ ಹುಚ್ಚು ಮದುವೆಗೆ ಮುಂಚಿನದು, ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರೆಲ್ಲ ಆ ಹೊಸ ಪವರ್ ಕಾರ್ಡಿನ ಮೇಲೆ. ಗೋಡೆಯಿಂದ ಆಂಪ್ಲಿಫೈಯರಿಗೆ ಕರೆಂಟು ಹೊರುವ ವೈರು, ಅಷ್ಟೇ. ಮೊದಲಿದ್ದದ್ದು ನನ್ನ ಕಿರುಬೆರಳಿನಷ್ಟು ದಪ್ಪ. ಹೊಸದು ಇಲಿ ನುಂಗಿದ ಹಾವಿನ ಹಾಗಿತ್ತು, ಮೈತುಂಬ ಕಪ್ಪು ನೇಯ್ಗೆ ಬೇರೆ.

"ಇದನ್ನ ಹಾಕಿದ್ಮೇಲೆ ಹಾಡು ಹೇಗೆ ಬಿಚ್ಕೊಳ್ಳುತ್ತೆ ನೋಡು," ಎಂದರು.

"ಬಿಚ್ಕೊಳ್ಳೋಕೆ ಹಾಡೇನು ಬಟ್ಟೆ ಗಂಟಾ ರೀ?" ಎಂದೆ.

ಇದೆಲ್ಲ ಅವರ ಸ್ನೇಹಿತನ ಉಪದೇಶ. ಅವನಿಗೆ ನಾನಿಟ್ಟ ಹೆಸರು ಬಂಗಾರದ ಕಿವಿ. ಎದುರಿಗೆ ಅಣ್ಣ ಎಂದೇ ಕರೆಯುತ್ತೇನೆ, ಬಿಡಿ. ಒಂದು ಭಾನುವಾರ ಬಂದು, ಸೋಫಾದಲ್ಲಿ ಕಣ್ಣು ಮುಚ್ಚಿ ಕೂತು, ನಾನು ಕೊಟ್ಟ ಟೀ ಆರುವವರೆಗೂ ಹಾಡು ಕೇಳಿದ. ಆಮೇಲೆ ತಲೆಯಾಡಿಸಿದ.

"ಇನ್ನೂ ಸ್ವಲ್ಪ ಮಬ್ಬಿದೆ ಕಣಯ್ಯ. ಪ್ಲಗ್ಗಲ್ಲಿ ಅರ್ಥಿಂಗ್ ಇದೆಯಲ್ಲ, ಹಸಿರು ತಂತಿ, ಅದರಿಂದಾನೇ ಬಿಲ್ಡಿಂಗಿನ ಕೊಳೆಯೆಲ್ಲ ಹಾಡಿಗೆ ಸೇರೋದು. ಪಕ್ಕದ ಮನೆ ಫ್ರಿಜ್ಜು, ಮೇಲಿನ ಮನೆ ವಾಷಿಂಗ್ ಮಷೀನು, ಎಲ್ಲಾ. ಕಿತ್ತುಹಾಕಿಬಿಡು."

ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ, ಈ ಮಾತು ಅರ್ಧಂಬರ್ಧ ಕಿವಿಗೆ ಬಿತ್ತು. ಯಜಮಾನರು ಸದ್ದಿಲ್ಲದೆ ಕಿತ್ತುಹಾಕಿದ್ದರು. ಅದು ಗೊತ್ತಾದದ್ದು ಮಾರನೆಯ ದಿನ ಧೂಳು ಒರೆಸುವಾಗ. ಹಾಡು ನಡೆಯುತ್ತಿತ್ತು. ಒದ್ದೆ ಬಟ್ಟೆ ಹಿಡಿದು ಆಂಪ್ಲಿಫೈಯರಿನ ತಗಡಿನ ಮೈ ಮುಟ್ಟಿದೆ. ಬೆರಳ ತುದಿ ಜುಮ್ ಎಂದಿತು.

ಬಟ್ಟೆ ಎಸೆದು ಗೋಡೆಗೆ ಆತು ನಿಂತೆ. ಬೇರೆಯವರಾದರೆ ಕೈ ಕೊಡವಿ ಸುಮ್ಮನಾಗುತ್ತಿದ್ದರೇನೋ. ನನಗೆ ಆ ಜುಮ್ಮು ಎಂಥದೆಂದು ಗೊತ್ತು.

ಮದುವೆಯಾದ ಹೊಸತರಲ್ಲಿ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದೆ. ಪಕ್ಕದ ಮಷೀನಿನ ಅಕ್ಕ ಸ್ವಿಚ್ ಹಾಕಿದಾಗಲೆಲ್ಲ ಫ್ಯೂಸ್ ಹಾರುತ್ತಿತ್ತು. ಕೆಲಸ ನಿಲ್ಲುತ್ತದೆಂದು ಮೇಲ್ವಿಚಾರಕ ಅವಳ ಪ್ಲಗ್ಗಿನ ಹಸಿರು ತಂತಿ ಕತ್ತರಿಸಿದ. ಫ್ಯೂಸ್ ಹಾರುವುದು ನಿಂತಿತು. ಎಂಥ ಬುದ್ಧಿವಂತ ಎಂದು ಎಲ್ಲರೂ ಹೊಗಳಿದೆವು. ಮಷೀನಿನ ಮೈಗೆ ಹತ್ತಿದ ಕರೆಂಟು ಇಳಿದುಹೋಗಲು ದಾರಿಯಿಲ್ಲದೆ ಅಲ್ಲೇ ಕಾದು ಕೂತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಮಳೆಯಲ್ಲಿ ನೆನೆದು ಬಂದ ಅಕ್ಕ ಬರಿಗಾಲಲ್ಲಿ ನಿಂತು ಮಷೀನಿಗೆ ಕೈಯಿಟ್ಟಳು. ಕೂಗಲೂ ಇಲ್ಲ. ಏನೋ ಯೋಚನೆ ಮಾಡುತ್ತಾ ನಿಂತಿದ್ದಾಳೆ ಎಂದುಕೊಂಡೆ ನಾನು. ಇವತ್ತಿಗೂ ಯಾವ ಪ್ಲಗ್ ಮುಟ್ಟಬೇಕಾದರೂ ಮೊದಲು ಕೈ ಒರೆಸಿಕೊಳ್ಳುತ್ತೇನೆ.

"ರೀ, ನಿಮ್ಮ ಡಬ್ಬ ಕಚ್ಚುತ್ತೆ," ಎಂದೆ.

"ನಿನಗೆ ಮೊದ್ಲಿಂದ್ಲೂ ಕರೆಂಟಂದ್ರೆ ಪುಕ್ಕಲು ಕಣೇ. ನನಗೇನೂ ಆಗಲ್ಲಪ್ಪ."

"ಮಗಳ ಮಗು ಬಂದ್ರೆ? ಅದು ಬಾಗಿಲ ಚಿಲಕಾನೂ ನೆಕ್ಕುತ್ತೆ."

"ಬಂದಾಗ ಆರಿಸಿದ್ರಾಯ್ತು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡಸಿನ ಜೊತೆ ವಾದ ಮಾಡಿ ಯಾರು ಗೆದ್ದಿದ್ದಾರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡೆ. ಅವರು ಕೆಲಸಕ್ಕೆ ಹೊರಟ ಮೇಲೆ ಕಾರ್ಡ್ ಕಳಚಿ, ಹೊಲಿಗೆ ಮಷೀನಿನ ಸ್ಕ್ರೂಡ್ರೈವರ್ ತೆಗೆದು ಪ್ಲಗ್ ಬಿಚ್ಚಿದೆ. ಹಸಿರು ತಂತಿಯನ್ನು ಮಡಚಿ ಟೇಪು ಸುತ್ತಿಟ್ಟಿದ್ದರು. ಅದನ್ನು ಅದರ ಜಾಗಕ್ಕೆ ಸೇರಿಸಿ ಬಿಗಿ ಮಾಡಿ, ಪ್ಲಗ್ ಮುಚ್ಚಿಟ್ಟೆ. ಡಬ್ಬ ಮತ್ತೆ ಕಚ್ಚಲಿಲ್ಲ.

ಅಂದು ಸಂಜೆ ಅವರು ಹಾಡು ಹಾಕಿ ಕೂತಾಗ ಕಳ್ಳಿಯ ಹಾಗೆ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಥಟ್ಟನೆ ಕಣ್ಣು ಬಿಟ್ಟರು.

"ಇವತ್ತೇನೋ ಬೇರೆ ಥರ ಇದೆ ಕಣೇ!"

ಸಿಕ್ಕಿಬಿದ್ದೆ ಎಂದುಕೊಂಡೆ.

"ಕಾರ್ಡ್ ಹಣ್ಣಾಗಿದೆ! ಅವನು ಹೇಳಿದ್ದ, ಕರೆಂಟು ಹರೀತಾ ಹರೀತಾ ಕಾರ್ಡ್ ಹಣ್ಣಾಗುತ್ತೆ ಅಂತ. ಎಷ್ಟು ತಿಳಿಯಾಗಿದೆ ನೋಡು!"

ಅಡುಗೆಮನೆಗೆ ಓಡಿ, ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆ. ಇದನ್ನು ನೆನೆಸಿಕೊಂಡು ಎಷ್ಟೋ ದಿನ ಒಬ್ಬಳೇ ನಗುತ್ತಿದ್ದೆ.

ಮೊನ್ನೆ ಸಂಜೆ ಯಜಮಾನರು ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದರು.

"ಈಗ ಹೇಳು, ಕಾರ್ಡಲ್ಲಿ ಏನೂ ಇಲ್ಲ ಅಂತ! ಮಗಳಿಗೂ ಒಂದು ಮಾಡಿ ನಿನ್ನೆ ಕೊಟ್ಟು ಬಂದಿದ್ದೆ. ನಾವು ಕೊಟ್ಟ ಆ ಹಳೇ ಆಂಪ್ಲಿಫೈಯರ್ ಇದೆಯಲ್ಲ, ಹಾಕಿದ್ರೆ ಸಾಕು, ಫ್ಯೂಸ್ ಹಾರ್ತಿತ್ತಂತೆ. ಈಗ ಫೋನ್ ಮಾಡಿದ್ಲು. ನನ್ನ ಕಾರ್ಡ್ ಹಾಕಿದ್ಮೇಲೆ ಒಂದ್ಸಲಾನೂ ಹಾರಿಲ್ಲ!"

ಅಕ್ಕನ ಮಷೀನಿನ ಫ್ಯೂಸೂ ಹೀಗೆಯೇ ನಿಂತಿತ್ತು. "ಅದಕ್ಕೆ ಹಸಿರು ತಂತಿ ಸೇರಿಸಿದೀರಾ?"

"ಅದ್ಯಾಕೆ? ನಮ್ಮದು ಅದಿಲ್ಲದೇನೇ ತಾನೇ ಹಣ್ಣಾಗಿದ್ದು?"

ಹಾವು ಸತ್ತಿರಲಿಲ್ಲ. ಮರಿ ಹಾಕಿ ಮಗಳ ಮನೆ ಸೇರಿತ್ತು. ಮರಿ ಹಾಕಿಸಿದವಳು ನಾನೇ. ಅವತ್ತೇ ಬಾಯಿ ಬಿಟ್ಟು ಹೇಳಿ, ಜಗಳ ಆದರೆ ಆಗಲಿ ಎಂದಿದ್ದರೆ ಆ ಕಾರ್ಡ್ ಹುಟ್ಟುತ್ತಲೇ ಇರಲಿಲ್ಲ. ಫೋನ್ ತೆಗೆದುಕೊಂಡೆ. ಅವಸರದಲ್ಲಿ ಬೇರೆ ಯಾರಿಗೋ ಹೋಯಿತು. ಮತ್ತೆ ಒತ್ತಿದೆ. ರಿಂಗಾಯಿತು, ಆಗುತ್ತಲೇ ಇತ್ತು. ತೆಗಿಯೇ, ನನ್ನವ್ವ, ತೆಗಿಯೇ.

ತೆಗೆದಳು. ಹಿಂದೆ ಹಾಡು ಕೇಳುತ್ತಿತ್ತು.

"ಜೋರಾಗಿ ಹೇಳಮ್ಮ, ಹಾಡು ಹಾಕಿದೀನಿ."

"ಮಿಡತೆ ಎಲ್ಲಿ?" ಒಂದು ಕಡೆ ನಿಲ್ಲದ ಮೊಮ್ಮಗಳಿಗೆ ನಾವಿಟ್ಟ ಹೆಸರು ಅದು. ಈಗಷ್ಟೇ ನಾಲ್ಕು ತುಂಬಿದೆ.

"ಇಲ್ಲೇ. ಸ್ನಾನದ ಮನೆಯಿಂದ ಒದ್ದೆ ಮೈಯಲ್ಲೇ ಓಡಿಬಂದು ಆಂಪ್ಲಿಫೈಯರ್ ಮುಂದೆ ಕುಣೀತಿದಾಳೆ. ಟವೆಲ್ ಹಿಡ್ಕೊಂಡು ನಾನು ಹಿಂದೆ ಹಿಂದೆ..."

"ಅವಳನ್ನ ಎತ್ಕೋ."

"ಏನಮ್ಮಾ?"

"ಎತ್ಕೋ ಅಂದೆ! ಡಬ್ಬ ಮುಟ್ಬೇಡ, ಅದರ ಸ್ವಿಚ್ಚೂ ಮುಟ್ಬೇಡ. ಮಗೂನ ಎತ್ಕೊಂಡು ಹೋಗಿ ಬಾಗಿಲ ಹತ್ರದ ಮೇನ್ ಆರಿಸು!"

ಆ ಕಡೆ ಫೋನ್ ಧಡ್ಡೆಂದು ಬಿತ್ತು. ನಾನು ಸ್ಪೀಕರ್ ಒತ್ತಿದೆ. ಹಾಡು ಮಾತ್ರ ಬರುತ್ತಿತ್ತು. ಮಗುವಿನ ಧ್ವನಿಯಿಲ್ಲ, ಮಗಳ ಧ್ವನಿಯಿಲ್ಲ.

"ಏನಾಯ್ತೇ?" ಎಂದರು ಯಜಮಾನರು.

"ಬಾಯ್ಮುಚ್ರಿ!"

ಹಾಡು ಥಟ್ಟನೆ ನಿಂತಿತು. ಏನೂ ಕೇಳಿಸಲಿಲ್ಲ. ಮಷೀನಿನ ಮೇಲಿದ್ದ ಅಕ್ಕನ ಕೈ ನನ್ನ ಕಣ್ಣಿಗೆ ಕಟ್ಟಿತು. ದೇವರೇ, ಕೂಗಲಿ, ಯಾರಾದರೂ ಕೂಗಲಿ ಎಂದು ಬೇಡಿಕೊಂಡೆ.

"ಹಾಡು ಬೇಕೂ!" ಮಿಡತೆ ಕಿರುಚಿತು, ಹಟ ಹಿಡಿದು ಗೋಳೋ ಎಂದು ಅಳತೊಡಗಿತು. ಮಗಳು ಮತ್ತೆ ಫೋನ್ ಎತ್ತಿಕೊಂಡಳು. ನಿಂತಲ್ಲೇ ಎಲ್ಲ ಹೇಳಿದೆ, ಮಗಳಿಗೂ ಅವರಿಗೂ ಒಟ್ಟಿಗೆ. ಅಕ್ಕನ ಮಷೀನು, ಅದರ ಫ್ಯೂಸು, ನನ್ನ ಸ್ಕ್ರೂಡ್ರೈವರು. ಆ ಡಬ್ಬವನ್ನು ಇನ್ನು ಮನೆಯೊಳಗೇ ಇಟ್ಟುಕೊಳ್ಳಬೇಡ ಎಂದೆ.

ಯಜಮಾನರು ಸೋಫಾದ ತುದಿಯಲ್ಲಿ ಕೂತಿದ್ದರು. "ಹಾಗಾದ್ರೆ ಅವತ್ತು ಹಣ್ಣಾಗಿದ್ದು?"

"ಅವತ್ತು ಹಸಿರು ತಂತಿ ಇತ್ತು ರೀ. ಇವತ್ತಿಗೂ ಇದೆ."

ಮಗಳು ಫೋನನ್ನು ಮಗುವಿಗೆ ಕೊಟ್ಟಳು.

"ಅಜ್ಜೀ, ಅಮ್ಮ ಆರಿಸಿಬಿಟ್ಳು," ಬಿಕ್ಕುತ್ತಾ ಹೇಳಿತು.

"ಆರಿಸ್ಲಿ ಬಿಡು ಕಂದ. ನೀನು ಆ ಡಬ್ಬ ಮುಟ್ಟಿದ್ಯಾ?"

"ಬೆಳಿಗ್ಗೆ. ಸ್ಕೂಲಿಗೆ ಶೂ ಹಾಕ್ಕೊಂಡು ಹೋಗ್ವಾಗ ಮುಟ್ಟಿದ್ದೆ. ಕಚಗುಳಿ ಇಡ್ತು ಅಜ್ಜಿ!" ಅಳು ಮರೆತು ದನಿ ಸಣ್ಣದು ಮಾಡಿತು. "ಸ್ನಾನ ಮಾಡ್ಕೊಂಡು ಬಂದು ಮುತ್ತು ಕೊಡ್ತೀನಿ ಅಂತ ಅದಕ್ಕೆ ಹೇಳಿದ್ದೆ. ಅಮ್ಮ ಕೊಡೋಕೇ ಬಿಡ್ಲಿಲ್ಲ."

ಸ್ಪೀಕರ್ ಇನ್ನೂ ಹಾಗೇ ಇತ್ತು. ಈ ಮಾತು ನಮ್ಮ ಯಜಮಾನರಿಗೆ ಚೆನ್ನಾಗಿಯೇ ಕೇಳಿಸಿತು.