ನಾಲ್ಕು ಹಿಂದಕ್ಕೆ, ಒಂದು ಮುಂದಕ್ಕೆ

೧

ಎಲ್ಲಿಂದ ಶುರು ಮಾಡಲಿ, ಹೇಳಿ. ನಿಮ್ಮನ್ನೇ ಕೇಳುತ್ತಿದ್ದೇನೆ, ಆ ಕಡೆ ಈ ಕಡೆ ನೋಡಬೇಡಿ. ಎಂಜಿನ್‌ನಿಂದ ಶುರು ಮಾಡಿದರೆ ಅಕ್ಕನಿಗೆ ಕೋಪ. ಅಕ್ಕನಿಂದ ಶುರು ಮಾಡಿದರೆ ಭಾವನಿಗೆ ಬೇಜಾರು. ಇಬ್ಬರೂ ಪಕ್ಕದ ಕೋಣೆಯಲ್ಲೇ ಇದ್ದಾರೆ, ಬರೆದ ಪ್ರತಿ ಹಾಳೆಯನ್ನೂ ಕಿತ್ತುಕೊಂಡು ಓದುತ್ತಾರೆ. ಪಾತ್ರಗಳನ್ನು ಇಷ್ಟು ಹತ್ತಿರ ಇಟ್ಟುಕೊಂಡು ಯಾರೂ ಕಥೆ ಬರೆಯಬಾರದು.

ಮೊದಲ ಡ್ರಾಫ್ಟ್ ಹೀಗಿತ್ತು: "ಮುಂಜಾನೆಯ ಮೌನವನ್ನು ಸೀಳಿಕೊಂಡು ಎಂಜಿನ್ ಘರ್ಜಿಸಿತು."

ಭಾವ ಓದಿದರು. ಕನ್ನಡಕ ತೆಗೆದರು. "ನನ್ನ ಎಂಜಿನ್ ಘರ್ಜಿಸಲ್ಲಯ್ಯಾ. ಘರ್ಜಿಸಿದ್ರೆ ಸೈಲೆನ್ಸರ್ ತೂತಾಗಿದೆ ಅಂತ ಅರ್ಥ. ಓದೋರು ನನ್ನ ಬಗ್ಗೆ ಏನಂದ್ಕೋತಾರೆ?"

ಹೊಡೆದು ಹಾಕಿದೆ. ಎಂಜಿನ್ ಘರ್ಜಿಸಲಿಲ್ಲ. ಸದ್ಯಕ್ಕೆ ಇಷ್ಟೇ ನಮಗೆ ಖಚಿತವಾಗಿ ಗೊತ್ತಿರುವುದು.

೨

ಭಾವ ಲಿಫ್ಟ್ ಮೆಕ್ಯಾನಿಕ್. ಬೆಳಗ್ಗೆಯಿಂದ ಸಂಜೆಯವರೆಗೆ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಮೇಲೆ ಹೋಗುತ್ತಾರೆ, ಕೆಳಗೆ ಬರುತ್ತಾರೆ. ಇಪ್ಪತ್ತು ವರ್ಷ ಹೀಗೆ ಹತ್ತಿ ಇಳಿದ ಮನುಷ್ಯನಿಗೆ ಒಂದು ಸಲವಾದರೂ ನೆಟ್ಟಗೆ ಮುಂದಕ್ಕೆ ಹೋಗಬೇಕು ಅನ್ನಿಸಿದರೆ ತಪ್ಪೇನು? (ಈ ಮನಶ್ಶಾಸ್ತ್ರವೆಲ್ಲ ನನ್ನದು. ಭಾವ ಒಪ್ಪುವುದಿಲ್ಲ. "ಸುಮ್ನೆ ಎಂಜಿನ್ ಅಂದ್ರೆ ಇಷ್ಟ, ಅಷ್ಟೇ" ಅನ್ನುತ್ತಾರೆ.)

ಮೊದಲ ಪ್ರಯೋಗದಲ್ಲಿ ನೀರಿನ ಪಂಪಿನ ಎಂಜಿನ್ನನ್ನು ಸೈಕಲ್ಲಿಗೆ ಕೂರಿಸಿದರು. ಹೊರಡುವುದನ್ನೆಲ್ಲ ಚೆನ್ನಾಗಿ ಯೋಚಿಸಿದ್ದರು, ನಿಲ್ಲುವುದನ್ನು ಯೋಚಿಸಿರಲಿಲ್ಲ. ಸೈಕಲ್ ನೇರ ಕಟಿಂಗ್ ಶಾಪಿನೊಳಗೆ ನುಗ್ಗಿತು. ಅಂದು ಅರ್ಧ ಮೀಸೆ ಕಳೆದುಕೊಂಡ ಗಿರಾಕಿ ಇವತ್ತಿಗೂ ನಮ್ಮ ಬೀದಿಗೆ ಕಾಲಿಡುವುದಿಲ್ಲ.

ಎರಡನೆಯದು ದೋಣಿ, ಅದಕ್ಕೆ ಸ್ಕೂಟರ್ ಎಂಜಿನ್. ಕೆರೆಯ ಆಚೆ ದಡ ಮುಟ್ಟಿಸಿ ಅದು ಕೈಕೊಟ್ಟಿತು. ಭಾವ ಎಂಜಿನ್ ಬಿಚ್ಚಿ, ಮಡಿಲಲ್ಲಿ ಮಗುವಿನ ಹಾಗೆ ಕೂರಿಸಿಕೊಂಡು ಬಸ್ಸಿನಲ್ಲಿ ವಾಪಸ್ಸು ಬಂದರು. ಕಂಡಕ್ಟರ್ ಮುಖ ಕೂಡ ನೋಡದೆ ಎರಡು ಟಿಕೆಟ್ ಹರಿದನಂತೆ.

ಮೂರನೆಯದೇ ಈ ಕಥೆಯ ನಾಯಕಿ. ಗುಜರಿಯಲ್ಲಿ ಸಿಕ್ಕ ಹಳೇ ಕಾರಿನ ಎಂಜಿನ್, ಇನ್ನೊಂದು ಕಾರಿನ ಆಕ್ಸಲ್, ಕಬ್ಬಿಣದ ಬೀರುವಿನ ತಗಡು, ಮುಚ್ಚಿಹೋದ ಟಾಕೀಸಿನ ಎರಡು ಕುರ್ಚಿ. ಎದ್ದರೆ ಸೀಟು ತಾನೇ ಮಡಚಿಕೊಳ್ಳುತ್ತದೆ, ಅಂಥವು. ಅಕ್ಕ ಅದಕ್ಕೆ "ತೇಪೆ" ಎಂದು ಹೆಸರಿಟ್ಟಳು. ಟೈಲರ್ ಅಲ್ಲವೇ ಅವಳು, ಸರಿಯಾಗಿಯೇ ಇಟ್ಟಳು.

೩

(ಈ ಭಾಗ ಇಲ್ಲ. ಆ ಹಾಳೆಯಲ್ಲಿ ಭಾವ ಗ್ರೀಸ್ ಒರೆಸಿಕೊಂಡರು. ಪ್ರಕೃತಿ ವರ್ಣನೆ ಇತ್ತು, ನಿಮಗೇನೂ ನಷ್ಟವಿಲ್ಲ.)

೪

ಈಗ ಜಗಳಕ್ಕೆ ಬರೋಣ. ಈ ಮನೆಯಲ್ಲಿ ಹಿಂದುಗಡೆ ಒಂದು ರೂಮಿದೆ. ಒಳ್ಳೇ ಬೆಳಕು, ಎರಡು ಕಿಟಕಿ. ಹದಿನಾಲ್ಕು ವರ್ಷದಿಂದ ಅದರ ತುಂಬ ಎಂಜಿನ್. ಅಕ್ಕನ ಹೊಲಿಗೆ ಮೆಷಿನ್ ಇರುವುದು ಬಚ್ಚಲಿಗೆ ಹೋಗುವ ಓಣಿಯಲ್ಲಿ. ಯಾರಿಗೆ ಬಚ್ಚಲಿಗೆ ಹೋಗಬೇಕಾದರೂ ಅಕ್ಕ ಎದ್ದು, ಸ್ಟೂಲ್ ಎತ್ತಿ, ಗೋಡೆಗೆ ಅಂಟಿ ನಿಲ್ಲಬೇಕು. ಹದಿನಾಲ್ಕು ವರ್ಷ ಎದ್ದು ಕೂತು, ಎದ್ದು ಕೂತು. ಮನೆಗೆ ನೆಂಟರು ಬಂದ ದಿನ ಒಂದು ಕಾಲರ್ ಕೂಡ ಮುಗಿಯುವುದಿಲ್ಲ.

ಒಂದು ಬೆಳಗ್ಗೆ, ಯಾರದ್ದೋ ಮದುವೆಯ ಬಿಳಿ ಬಟ್ಟೆಯ ಮೇಲೆ ಗ್ರೀಸಿನ ಐದು ಬೆರಳೂ ಮೂಡಿದ್ದನ್ನು ನೋಡಿ ಅಕ್ಕ ಕತ್ತರಿ ಕೆಳಗಿಟ್ಟಳು.

"ರೀ, ಇವತ್ತು ಇತ್ಯರ್ಥ ಆಗಿಹೋಗ್ಲಿ. ನಿಮ್ಮ ತೇಪೆ ನಮ್ಮಿಬ್ರನ್ನೂ ಕೂರಿಸ್ಕೊಂಡು ಆ ಗುಡ್ಡದ ತುದಿಗೆ ಹೋಗ್ಬೇಕು, ಅಲ್ಲಿಂದ ಸಮುದ್ರ ಕಾಣ್ಬೇಕು. ಯಾರೂ ತಳ್ಳಬಾರ್ದು, ಯಾರೂ ಎಳೀಬಾರ್ದು. ಹೋದ್ರೆ ರೂಮ್ ನಿಮ್ದು, ಸಾಯೋವರೆಗೂ ನಾನು ಉಸಿರೆತ್ತಲ್ಲ. ಹೋಗ್ಲಿಲ್ವೋ, ನನ್ನ ಮೆಷಿನ್ ಒಳಗೆ, ನಿಮ್ಮ ಎಂಜಿನ್ ಗುಜರಿಗೆ."

"ಆಯ್ತು" ಎಂದರು ಭಾವ. ಅಷ್ಟು ಬೇಗ ಒಪ್ಪಬಾರದಿತ್ತು. ತೇಪೆ ಇನ್ನೂ ಒಂದು ಇಂಚೂ ಓಡಿರಲಿಲ್ಲ.

೫

ಓಡಿಸಿ ನೋಡಿದಾಗ ವಿಷಯ ಬಯಲಾಯಿತು. ಮೊದಲನೇ ಗೇರ್ ಹಾಕಿದರು, ತೇಪೆ ಹಿಂದಕ್ಕೆ ಹೋಗಿ ಗೋಡೆಗೆ ಗುದ್ದಿತು. ಎರಡನೇ ಗೇರ್, ಇನ್ನೂ ಜೋರಾಗಿ ಗುದ್ದಿತು. ಭಾವ ಚಕ್ರ ತಿರುಗಿಸುವ ಆಕ್ಸಲ್ಲನ್ನು ತಲೆಕೆಳಗಾಗಿ ಕೂರಿಸಿಬಿಟ್ಟಿದ್ದರು. ಈಗ ಗಾಡಿಗೆ ನಾಲ್ಕು ಗೇರ್ ಹಿಂದಕ್ಕೆ, ಮುಂದಕ್ಕೆ ಇರುವುದು ಒಂದೇ ಒಂದು. ಅದೂ ಮೊದಲು ರಿವರ್ಸ್ ಆಗಿದ್ದದ್ದು, ಆಮೆನಡಿಗೆ.

ಬೇರೆಯವರಾಗಿದ್ದರೆ ಆಕ್ಸಲ್ ಬಿಚ್ಚುತ್ತಿದ್ದರು. ಭಾವ ಹತ್ತು ನಿಮಿಷ ತಲೆ ಕೆರೆದುಕೊಂಡು, "ಎಂಜಿನ್ ಸರಿಯಾಗೇ ಇದೆ, ಸೀಟು ಉಲ್ಟಾ ಆಗಿದೆ" ಎಂದು ತೀರ್ಪು ಕೊಟ್ಟರು. ತಮ್ಮ ಕುರ್ಚಿ, ಸ್ಟಿಯರಿಂಗ್, ಪೆಡಲ್ ಎಲ್ಲವನ್ನೂ ಬಾಲದ ಕಡೆ ಮುಖಮಾಡಿ ವೆಲ್ಡ್ ಮಾಡಿದರು. ಅಕ್ಕನ ಕುರ್ಚಿಯ ಹೊತ್ತಿಗೆ ವೆಲ್ಡಿಂಗ್ ರಾಡ್ ಮುಗಿಯಿತು. "ಭಾನುವಾರ ತಿರುಗಿಸ್ತೀನಿ" ಎಂದರು. ಆ ಭಾನುವಾರ ಬರಲಿಲ್ಲ.

ಚಿತ್ರ ಕಣ್ಣಿಗೆ ಕಟ್ಟಿತೇ? ಗಾಡಿ ಬಾಲ ಮುಂದಾಗಿ ಓಡುತ್ತದೆ. ಭಾವ ಬಾಲದ ಕಡೆ ನೋಡುತ್ತಾರೆ, ಅಂದರೆ ಹೋಗುವ ದಾರಿ. ಅಕ್ಕ ಮೂತಿಯ ಕಡೆ ನೋಡುತ್ತಾಳೆ, ಅಂದರೆ ಬಿಟ್ಟುಬಂದ ದಾರಿ.

೬

"ನಾವು ಮೂವರೂ ಹೊರಟೆವು" ಎಂದು ಬರೆದಿದ್ದೆ.

"ಮೂವರಾ?" ಅಕ್ಕ ಹಾಳೆ ನನ್ನ ಮೂಗಿಗೆ ಹಿಡಿದಳು. "ಲೋ, ನೀನು ಜ್ವರ ಅಂತ ಮುಸುಕೆಳ್ಕೊಂಡು ಮಲಗಿದ್ಯಲ್ಲೋ."

ಹೌದು. ತೇಪೆಯನ್ನು ನೋಡಿದ ಕೂಡಲೇ ನನಗೆ ಜ್ವರ ಬಂದಿತ್ತು. ಆದ್ದರಿಂದ ಇನ್ನು ಮುಂದಿನದೆಲ್ಲ ಇವರಿಬ್ಬರ ಬಾಯಿಂದ ಕೇಳಿದ್ದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಊರು ದಾಟುವಷ್ಟರಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ.

"ಯಾವ ಕಡೆ ಹೋಗ್ತಿದೀರಾ?"

"ಈ ಕಡೆ" ಎಂದು ಭಾವ ತಮ್ಮ ಎದುರಿಗೆ ಕೈ ತೋರಿಸಿದರು.

"ನನಗೇನು ಗೊತ್ತು ಸಾರ್, ನಾನು ಆ ಕಡೆಯಿಂದ ಬರ್ತಿರೋದು ಮಾತ್ರ ನೋಡ್ತಿದೀನಿ" ಎಂದು ಅಕ್ಕ ತನ್ನ ಎದುರಿಗೆ ತೋರಿಸಿದಳು.

ಪೊಲೀಸ್ ಪುಸ್ತಕ ತೆಗೆದ, ಮುಂದೆ ಯಾವುದು ಹಿಂದೆ ಯಾವುದು ಎಂದು ಯೋಚಿಸಿದ, ಪುಸ್ತಕ ಜೇಬಿಗೆ ಹಾಕಿಕೊಂಡ. "ನನ್ನ ಡ್ಯೂಟಿ ಮುಗಿಯೋದ್ರೊಳಗೆ ಇಲ್ಲಿಂದ ಹೋಗಿಬಿಡಿ" ಎಂದ. ನಲವತ್ತು ಕಿಲೋಮೀಟರ್ ಹಾಗೇ ಹೋದರು. ಹಿಂದಿನಿಂದ ಬಂದ ಲಾರಿಯವರೆಲ್ಲ ಅಕ್ಕನ ಮುಖ ನೋಡಿ ಬೆಚ್ಚಿ ಹಾರ್ನ್ ಹೊಡೆದರು, ಅಕ್ಕ ಕೈ ಬೀಸಿದಳು.

೭

ಗುಡ್ಡದ ಅರ್ಧ ಏರಿನಲ್ಲಿ ತೇಪೆ ಕುದಿಯಿತು. ರೇಡಿಯೇಟರ್ ಇರುವುದು ಮೂತಿಯಲ್ಲಿ. ಫ್ಯಾನ್ ಗಾಳಿಯನ್ನು ಒಳಕ್ಕೆ ಎಳೆಯಬೇಕು, ಗಾಡಿ ಉಲ್ಟಾ ಓಡುವುದರಿಂದ ಗಾಳಿ ಹೊರಕ್ಕೆ ಹೋಗುತ್ತದೆ. ಒಳಗೊಳಗೇ ಜಗಳ. ಮೂರು ಕ್ಯಾನ್ ನೀರು ಮುಗಿಯಿತು, ಹಬೆ ಮಾತ್ರ ಮುಗಿಯಲಿಲ್ಲ.

ಇಲ್ಲಿ ಕಥೆ ಯಾವ ಕಡೆ ಬೇಕಾದರೂ ತಿರುಗಬಹುದು. ನಾನು ಮೂರು ತಿರುವು ಬರೆಯಲು ಕೂತೆ.

(ಅ) ಎಂಜಿನ್ ಸಿಡಿಯುತ್ತದೆ, ಭಾವ ಕಣ್ಣೀರಿಡುತ್ತಾರೆ. ಭಾವ: "ನೀರು ಕುದಿದ್ರೆ ಎಂಜಿನ್ ಸಿಡಿಯಲ್ಲಯ್ಯಾ. ಅನ್ನದ ಪಾತ್ರೆ ದಿನಾ ಕುದಿಯುತ್ತೆ, ಸಿಡಿಯುತ್ತಾ?"

(ಆ) ಟ್ರ್ಯಾಕ್ಟರ್ ಬಂದು ಎಳೆದುಕೊಂಡು ಹೋಗುತ್ತದೆ, ಅಕ್ಕ ಗೆಲ್ಲುತ್ತಾಳೆ. ಅಕ್ಕ: "ಟ್ರ್ಯಾಕ್ಟರ್ ಬಂದಿತ್ತು. ಎಳೀಬೇಕಾ ಅಂತ ಕೇಳಿದ್ರು. ಬೇಡ ಅಂತ ನಾನೇ ಕಳಿಸಿದೆ."

(ಇ) ಬೇಕಾಗಲಿಲ್ಲ. ಏಕೆಂದರೆ ಅಕ್ಕನ ಆ ಮಾತು ಕೇಳಿ ನನ್ನ ಪೆನ್ನು ನಿಂತುಹೋಯಿತು.

"ಅಕ್ಕಾ, ಸುಮ್ನಿದ್ದಿದ್ರೆ ರೂಮ್ ನಿನ್ನದಾಗ್ತಿತ್ತಲ್ಲ?"

"ಹೋಗೋ. ಅಷ್ಟು ದೂರ ಹೋಗಿ ಸಮುದ್ರ ನೋಡ್ದೆ ಬರೋದಾ?" ಎಂದು ಅವಳು ಸೂಜಿಗೆ ದಾರ ಪೋಣಿಸತೊಡಗಿದಳು. ಸೂಜಿಯಲ್ಲಿ ದಾರ ಆಗಲೇ ಇತ್ತು.

೮

ಉಪಾಯ ಹೇಳಿದ್ದು ಅಕ್ಕ. ಇದನ್ನು ಭಾವ ಕೂಡ ಒಪ್ಪುತ್ತಾರೆ, ಸ್ವಲ್ಪ ಕೆಮ್ಮಿ.

"ರೀ, ದಪ್ಪ ಬಟ್ಟೆ ಬಂದಾಗ ನಾನು ಪೆಡಲ್ ತುಳಿಯಲ್ಲ, ಕೈಯಲ್ಲೇ ಚಕ್ರ ನಿಧಾನಕ್ಕೆ ತಿರುಗಿಸ್ತೀನಿ. ನಿಮ್ಮ ಆ ಒಂಟಿ ಗೇರು ನಿಧಾನ ತಾನೇ? ಅದನ್ನ ಹಾಕಿ. ಗಾಡಿ ತಿರುಗಿಸಿ, ಮೂತಿ ಗಾಳಿಗೆ ಕೊಡಿ."

"ಮೂತಿ ಮುಂದಾದ್ರೆ ನನಗೆ ರಸ್ತೆ ಕಾಣಲ್ಲ."

"ನನಗೆ ಕಾಣುತ್ತೆ."

ಭಾವ ಕತ್ತು ಹೊರಳಿಸಿ ನೋಡಿದರು. ಕನ್ನಡಿ ಒಂದಿತ್ತು, ಅದರಲ್ಲಿ ಅವರ ಕಿವಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಮದುವೆಯಾದಾಗಿನಿಂದ ಹೆಂಡತಿಯ ಒಂದು ಸಲಹೆಗೂ "ಹೂಂ" ಎನ್ನದ ಮನುಷ್ಯ. ಕೊನೆಗೆ ಗೇರ್ ಹಾಕಿದರು.

"ಎಡಕ್ಕೆ" ಎಂದಳು ಅಕ್ಕ. ಭಾವ ತಮ್ಮ ಎಡಕ್ಕೆ ತಿರುಗಿಸಿದರು. ಚಕ್ರ ಕಣಿವೆಯಂಚಿನ ಕಲ್ಲಿಗೆ ತಾಗಿತು.

"ನಿಮ್ಮ ಎಡ ಅಲ್ರೀ, ನನ್ನ ಎಡ!"

"ನೀನು ಆ ಕಡೆ, ನಾನು ಈ ಕಡೆ ಮುಖ ಮಾಡಿ ಕೂತಾಗ ನಿನ್ನ ಎಡ ನನ್ನ ಬಲ ಕಣೇ!"

"ಹಾಗಾದ್ರೆ ಎಡ ಬಲ ಬಿಟ್ಟುಬಿಡಿ. ಗುಡ್ಡದ ಕಡೆ, ಕಣಿವೆ ಕಡೆ. ಅಷ್ಟೇ."

ಆಮೇಲೆ ಆರು ಕಿಲೋಮೀಟರ್. ಗುಡ್ಡಕ್ಕೆ ಸ್ವಲ್ಪ. ಸಾಕು. ಕಣಿವೆಗೆ, ನಿಧಾನ, ಇನ್ನೂ ಸ್ವಲ್ಪ. ನೇರ. ಎದುರಿಗೆ ಬಸ್ಸು, ಗುಡ್ಡಕ್ಕೆ ಪೂರ್ತಿ, ನಿಲ್ಲಿ. ಹೂಂ, ಹೊರಡಿ. ಭಾವ ಕಣ್ಣಿದ್ದೂ ಕುರುಡರಾಗಿ, ಅಕ್ಕ ಹೇಳಿದಷ್ಟು ತಿರುಗಿಸುತ್ತ ಹೋದರು. ಹಬೆ ನಿಂತಿತು.

(ಇಲ್ಲಿ ಒಂದು ಒಳ್ಳೇ ಉಪಮೆ ಹಾಕೋಣ ಎಂದಿದ್ದೆ. ಬೇಡ. ದಾರಿ ಕಿರಿದು.)

೯

ತುದಿಯಲ್ಲಿ ಬಸ್ಸುಗಳು ತಿರುಗಿಸಿಕೊಳ್ಳುವ ಅಗಲವಾದ ಬಯಲಿದೆ. ಅಲ್ಲಿ ಗುಡ್ಡವೂ ಇಲ್ಲ, ಕಣಿವೆಯೂ ಇಲ್ಲ. ಎದುರಿಗೆ ಸಮುದ್ರ. ಮೊದಲು ಕಂಡದ್ದು ಅಕ್ಕನಿಗೆ.

ನಿಜವಾದ ಕಥೆ ಇನ್ನು ಮುಂದೆ ಇದೆ, ಮತ್ತು ಇದನ್ನು ನಾನು ಬರೆಯುವ ಹಾಗಿಲ್ಲ. ಇಬ್ಬರೂ ಬೇರೆಬೇರೆಯಾಗಿ ಬಂದು ಹೇಳಿ, ಬೇರೆಬೇರೆಯಾಗಿ ಆಣೆ ಹಾಕಿಸಿಕೊಂಡಿದ್ದಾರೆ. ನೀವು ಯಾರಿಗೂ ಹೇಳುವುದಿಲ್ಲ ತಾನೇ?

ಅಕ್ಕ ಹೇಳಿದ್ದು: "ಬಂದ್ವಿ ಅಂತ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ ಕಣೋ. ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ ನಾನು ಹೇಳಿದ ಹಾಗೆ ಕೇಳ್ತಿದ್ರು. ನಿಲ್ಲಿಸಿ ಅಂತ ಯಾಕೆ ಹೇಳ್ಲಿ? ಗುಡ್ಡಕ್ಕೆ ಸ್ವಲ್ಪ ಅಂದೆ. ತಿರುಗಿಸಿದ್ರು. ಮತ್ತೆ ಗುಡ್ಡಕ್ಕೆ ಅಂದೆ. ಆ ಬಯಲಲ್ಲಿ ಸುತ್ತು ಹೊಡೀತಾನೇ ಇದ್ವಿ. ಪಾಪ, ಅವರಿಗೆ ಏನೂ ಗೊತ್ತಾಗ್ಲಿಲ್ಲ."

ಭಾವ ಅಂಗಳದಲ್ಲಿ ಸೋಪು ಹಚ್ಚಿ ಕೈ ತಿಕ್ಕುತ್ತ ಹೇಳಿದ್ದು: "ಏರು ಮುಗಿದ್ರೆ ಎಂಜಿನ್ ಹಗುರ ಆಗುತ್ತಯ್ಯಾ. ನನಗೆ ತಿಳಿಯಲ್ವಾ? ಅಲ್ದೆ ಸುತ್ತು ಹೊಡೆಯುವಾಗ ಸಮುದ್ರ ನನ್ನ ಎದುರಿಗೂ ಬಂತು, ಮೂರು ಸಲ. ಅವಳು ಹೇಳ್ತಾನೇ ಇದ್ಲು. ಅಷ್ಟು ಖುಷಿಯಾಗಿ ಹೇಳ್ತಿದ್ಲು. ನಾನು ತಿರುಗಿಸ್ತಾ ಇದ್ದೆ." ಸೋಪು ಜಾರಿ ಬಿತ್ತು. ಎತ್ತಿಕೊಳ್ಳಲು ಬಹಳ ಹೊತ್ತು ಬಗ್ಗಿಯೇ ಇದ್ದರು. "ಇದನ್ನೆಲ್ಲ ಬರೀಬೇಡ."

ನಿಲ್ಲಿಸಿದ್ದು ಹೇಗೆ ಎಂದು ಕೇಳುತ್ತೀರಾ? ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತಂತೆ.

೧೦

ರೂಮ್ ಯಾರಿಗೆ ಸಿಕ್ಕಿತು? ಒಳ್ಳೇ ಪ್ರಶ್ನೆ. "ತಲುಪಿದ್ವಲ್ಲ, ಅವ್ರದ್ದೇ" ಅನ್ನುತ್ತಾಳೆ ಅಕ್ಕ. "ಅವಳು ಓಡಿಸಿದ್ದು, ನಾನು ಬರೀ ಸ್ಟಿಯರಿಂಗ್ ಹಿಡ್ಕೊಂಡಿದ್ದೆ. ಅವಳದ್ದೇ" ಅನ್ನುತ್ತಾರೆ ಭಾವ. ಎಂಜಿನ್‌ಗಳೆಲ್ಲ ಅಂಗಳಕ್ಕೆ ಬಂದಿವೆ. ಮೆಷಿನ್ ಓಣಿಯಲ್ಲೇ ಇದೆ. ಎರಡು ಕಿಟಕಿಯ ರೂಮು ಮೂರು ವಾರದಿಂದ ಖಾಲಿ. ನನಗಂತೂ ರೇಗಿಹೋಗಿದೆ. ಬಚ್ಚಲಿಗೆ ಹೋಗಬೇಕಾದರೆ ಅಕ್ಕ ಈಗಲೂ ಎದ್ದು ಗೋಡೆಗೆ ಅಂಟಬೇಕು.

ಇವತ್ತು ಮಧ್ಯಾಹ್ನ ಇಬ್ಬರೂ ಬಂದು ನನ್ನ ಮುಂದೆ ಕೂತರು. ಪೂರ್ತಿ ಓದು ಎಂದರು. ಓದಿದೆ. ಘರ್ಜನೆ ಇಲ್ಲದ ಎಂಜಿನ್, ಅರ್ಧ ಮೀಸೆ, ಪೊಲೀಸ್, ಹಬೆ ಎಲ್ಲ ಓದಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂಬತ್ತನೇ ಭಾಗದಲ್ಲಿ "ಮೊದಲು ಕಂಡದ್ದು ಅಕ್ಕನಿಗೆ" ಎನ್ನುವಲ್ಲಿಗೆ ನಿಲ್ಲಿಸಿ, ಉಳಿದ ಹಾಳೆಯನ್ನು ತೊಡೆಯ ಕೆಳಗೆ ತಳ್ಳಿದೆ.

ಉಳಿದ ಹಾಳೆ ಎಲ್ಲಿ ಎಂದು ಕೇಳಿದರೆ ಹೇಳಲು ನಾನು ಆಗಲೇ ಮೂರು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ. ಭಾವ ನನ್ನ ಕಡೆ ತಿರುಗಲಿಲ್ಲ. ಕುರ್ಚಿಯನ್ನೇ ಎತ್ತಿ ಅಕ್ಕನ ಪಕ್ಕಕ್ಕೆ ಇಟ್ಟುಕೊಂಡು ಕೂತರು.

"ಆಮೇಲೆ ಏನಾಯ್ತು, ನೀನು ಹೇಳು" ಎಂದರು.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬಾಯಿ ತೆರೆದಳು. ನಾನು ಹಾಳೆಗಳನ್ನು ಬಾಚಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗೆ ಅವಳ ದನಿ ಕೇಳುತ್ತಿದೆ, ಮಾತು ತಿಳಿಯುತ್ತಿಲ್ಲ. ಕಿವಿಗೊಟ್ಟರೆ ತಿಳಿದೀತು. ಕೊಡುವುದಿಲ್ಲ. ನೀವೂ ಬಾಗಿಲ ಹತ್ತಿರ ನಿಲ್ಲಬೇಡಿ, ಏಳಿ, ನಡೆಯಿರಿ.